ಗುಜರಿಗೆ ಹಾಕೋ ಮುಂಚೆ

ಮೇಷ್ಟ್ರೇ, ಆ ಕಂಪ್ಯೂಟರನ್ನ ಗುಜರಿಯವನಿಗೆ ತೂಗಿಸ್ಬೇಡಿ, ಸ್ವಲ್ಪ ತಡೀರಿ. ಒಳಗಿರೋದು ಸೀಗೇಟ್ ಎಸ್‌ಟಿ-225. 1980ರ ದಶಕದ ಹಾರ್ಡ್ ಡಿಸ್ಕು, 20 ಎಂಬಿ. ಈಗಿನ ಫೋನಿನ ನಾಲ್ಕೈದು ಫೋಟೊ ಹಿಡಿಯೋವಷ್ಟೇ ಜಾಗ, ನಿಜ. ಆದ್ರೆ ಬರೀ ಅಕ್ಷರ ತುಂಬಿದ್ರೆ ಒಂದು ಕಪಾಟಿನ ಪುಸ್ತಕ ಹಿಡಿಸುತ್ತೆ. ನೀವು ಆಗ ಬರೆದದ್ದೆಲ್ಲಾ ಅದರಲ್ಲೇ ಇದೆಯಲ್ಲ?

ಸ್ವಿಚ್ ಹಾಕಿದ್ರೆ ಫ್ಯಾನೂ ತಿರುಗಲ್ಲ ಅಂದ್ರಿ. ಅದು ಕೆಟ್ಟ ಸುದ್ದಿಯೇನಲ್ಲ. ಆ ಕಾಲದ ಬೋರ್ಡುಗಳಲ್ಲಿ ಮಣಿಯಂಥ ಟ್ಯಾಂಟಲಮ್ ಕೆಪಾಸಿಟರ್ ಇರ್ತವೆ. ವರ್ಷಗಟ್ಟಲೆ ಸುಮ್ನಿದ್ದು, ಕರೆಂಟ್ ಬಿದ್ದ ಕೂಡ್ಲೇ ಶಾರ್ಟ್ ಆಗ್ತವೆ. ಪವರ್ ಸಪ್ಲೈ ತಾನಾಗೇ ಆಫ್ ಆಗುತ್ತೆ. ಡಿಸ್ಕಿನ ಪವರ್ ಕೇಬಲ್ ಕಿತ್ತಿಟ್ಟು ಸ್ವಿಚ್ ಹಾಕಿ ನೋಡೋಣ. ಫ್ಯಾನ್ ತಿರುಗಿದ್ರೆ ತೊಂದರೆ ಡಿಸ್ಕಿನ ಬೋರ್ಡಲ್ಲಿ ಅಂತ ಗೊತ್ತಾಗುತ್ತೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದ್ರೆ ಅಂಥ ಕೆಪಾಸಿಟರ್ ಸಿಗುತ್ತೆ.

ಆಮೇಲೂ ಡಿಸ್ಕಿನ ಒಳಗಿನ ತಟ್ಟೆ ತಿರುಗ್ಲಿಲ್ವಾ? ಆಫ್ ಆದಾಗ ಇದರ ಓದೋ-ಬರೆಯೋ ಹೆಡ್ಡುಗಳು ತಟ್ಟೆ ಮೇಲೇ ಕೂತಿರ್ತವೆ, ಬಹಳ ಕಾಲ ಬಿಟ್ರೆ ಅಂಟ್ಕೊಳ್ತವೆ. ದಯವಿಟ್ಟು ಕುಟ್ಟಬೇಡಿ. ಡಿಸ್ಕನ್ನ ಅಡ್ಡಡ್ಡ ಹಿಡಿದು, ಕರೆಂಟ್ ಕೊಡುವಾಗ ತಟ್ಟೆ ತಿರುಗೋ ದಿಕ್ಕಲ್ಲಿ ಮಣಿಕಟ್ಟಿಂದ ಚಕ್ಕಂತ ಒಂದು ತಿರುವು ಕೊಟ್ರೆ ಎಷ್ಟೋ ಸಲ ಬಿಡಿಸ್ಕೊಳ್ಳುತ್ತೆ. ತಿರುಗಿದ ಮೇಲೆ ಕಿರ್ರೋ ಅಂತ ಕೂಗಿದ್ರೂ ಹೆದರ್ಬೇಡಿ. ಕೆಳಗಡೆ ಮೋಟಾರಿನ ಅಚ್ಚಿಗೆ ತಾಗೋ ಪುಟ್ಟ ಅರ್ಥಿಂಗ್ ಪಟ್ಟಿಯ ಕೂಗು ಅದು.

ಮುಚ್ಚಳ ಮಾತ್ರ ಬಿಚ್ಚೋದು ಬೇಡ. ತಿರುಗುವಾಗ ಹೆಡ್ಡು ತಟ್ಟೆಯಿಂದ ಧೂಳಿನ ಕಣಕ್ಕಿಂತ ಕಮ್ಮಿ ಎತ್ತರದಲ್ಲಿ ತೇಲ್ತಿರುತ್ತೆ. ಹಳೇ ಮ್ಯಾಕಿಂತೋಶಲ್ಲಿ ಬರ್ತಿದ್ದ ಕ್ವಾಂಟಮ್ ಪ್ರೊಡ್ರೈವ್‌ನ ಕಥೆಯೇ ಬೇರೆ. ಅದರ ಒಳಗೆ ಹೆಡ್ಡಿನ ತೋಳು ತಾಗಿ ನಿಲ್ಲೋ ರಬ್ಬರು ವರ್ಷಗಳಾದ ಮೇಲೆ ಡಾಂಬರಿನ ಹಾಗೆ ಕರಗುತ್ತೆ, ತೋಳು ಅಲ್ಲೇ ಕಚ್ಕೊಳ್ಳುತ್ತೆ. ಅಲ್ಲಿ ಬಿಚ್ಚದೇ ಗತಿಯಿಲ್ಲ. ಧೂಳಿಲ್ಲದ ಜಾಗದಲ್ಲಿ ತೆಗೆದು, ತೋಳನ್ನ ಮೆಲ್ಲಗೆ ಬಿಡಿಸಿ, ಆ ಅಂಟು ಒರೆಸಿ ಬೇರೆ ತುಂಡು ಕೂರಿಸ್ತಾರೆ. ಹೀಗೆ ಕೈಗೆ ಬಗ್ಗೋ ಯಂತ್ರಗಳು ಅಂತಲೇ ನನಗೆ ಇವುಗಳ ಮೇಲೆ ಪ್ರೀತಿ.

ನಿಮ್ಮ ಡಿಸ್ಕಲ್ಲಿ ಹೆಡ್ಡು ಸರಿಸೋದು ಸ್ಟೆಪರ್ ಮೋಟಾರು. ಒಂದೊಂದೇ ಹೆಜ್ಜೆ ಎಣಿಸಿ ಸರಿಯುತ್ತೆ, ತಾನು ಸರಿಯಾದ ಟ್ರ್ಯಾಕ್ ಮೇಲಿದ್ದೀನಾ ಅಂತ ನೋಡ್ಕೊಳ್ಳಲ್ಲ. ಬಿಸಿಗೆ ಲೋಹ ಹಿಗ್ಗಿದ್ರೆ ಹೆಡ್ಡು ಕೂದಲೆಳೆಯಷ್ಟು ಆಚೀಚೆ. ಅದಕ್ಕೇ ಅರ್ಧ ಗಂಟೆ ಸುಮ್ನೆ ತಿರುಗೋಕೆ ಬಿಟ್ಟು ಆಮೇಲೆ ಓದಿಸ್ಬೇಕು. ಎರರ್ ತೋರಿಸಿದ ತಕ್ಷಣ ಫಾರ್ಮ್ಯಾಟ್ ಮಾಡೋಕೆ ಹೊರಡ್ತಾರಲ್ಲ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಡಿಸ್ಕೇನೋ ಬದುಕುತ್ತೆ, ಬರಹ ಹೋಗುತ್ತೆ. ಮೊದಲು ನಕಲು, ಉಳಿದದ್ದೆಲ್ಲ ಆಮೇಲೆ. ಬೀಗಲ್‌ಬೋನ್ ಅನ್ನೋ ಪುಟ್ಟ ಬೋರ್ಡಿಗೆ ಜೋಡಿಸೋ ಒಂದು ಸಲಕರಣೆ ಇದೆ. ಒಂದೊಂದು ಟ್ರ್ಯಾಕನ್ನೂ ಇದ್ದ ಹಾಗೇ ಓದಿ ಇಟ್ಕೊಳ್ಳುತ್ತೆ, ಆಮೇಲೆ ತಾನೇ ಆ ಡಿಸ್ಕಿನ ಜಾಗದಲ್ಲಿ ಕೂತು ಕೆಲಸ ಮಾಡುತ್ತೆ.

ಡಿಸ್ಕೊಂದನ್ನೇ ಕಿತ್ತು ಕೊಡ್ಬೇಡಿ. 34 ಪಿನ್ನಿನದು, 20 ಪಿನ್ನಿನದು ಅಂತ ಎರಡು ಕೇಬಲ್ ಇದೆಯಲ್ಲ, ಅವು ಹೋಗಿ ಸೇರೋ ಕಾರ್ಡೂ ಬೇಕು. ಒಂದು ಕಾರ್ಡು ಬರೆದದ್ದನ್ನ ಇನ್ನೊಂದು ಕಂಪನಿಯ ಕಾರ್ಡು ಓದುತ್ತೆ ಅಂತ ಹೇಳೋಕಾಗಲ್ಲ.

ಕನ್ನಡದ ಫೈಲುಗಳದ್ದು ಇನ್ನೊಂದು ಕೆಲಸ. ಯೂನಿಕೋಡ್‌ಗೂ ಹಿಂದಿನವು. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿಸಿ ಟೈಪ್ ಮಾಡಿದ್ರೆ ಇಸ್ಕಿ ಸಂಕೇತದಲ್ಲಿರ್ತವೆ, ಯೂನಿಕೋಡ್‌ಗೆ ತರೋದು ಅಷ್ಟು ಕಷ್ಟ ಅಲ್ಲ. ಬೇರೆ ಸಾಫ್ಟ್‌ವೇರಾಗಿದ್ರೆ ಅದರ ಫಾಂಟೂ ಬೇಕು. ನಿಮ್ಮ ಫ್ಲಾಪಿ ಡಬ್ಬ ಎಲ್ಲಿದೆ, ಅದನ್ನೂ ಎಸೆದಿಲ್ಲ ತಾನೆ?