ಕಿಲ್ಲೇದಾರ ಕಾಕಾ

ದಸರೆಯ ಬನ್ನಿ ಹಂಚಿ ಮುಗಿಯುತ್ತಿದ್ದಂತೆ ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಮಣ್ಣಿಗೆ ಬೆಲೆ ಬರುತ್ತದೆ. ದೀಪಾವಳಿಗೆ ಮಕ್ಕಳು ಕಿಲ್ಲೆ ಕಟ್ಟಬೇಕಲ್ಲ! ಇಟ್ಟಿಗೆ, ಕಲ್ಲು ಪೇರಿಸಿ, ಕೆಸರಲ್ಲಿ ಅದ್ದಿದ ಗೋಣಿಚೀಲ ಹೊದಿಸಿ, ಸಾಸಿವೆಯನ್ನೋ ಅಳವಿಯನ್ನೋ ಚೆಲ್ಲಿದರೆ ಕೆಲವೇ ದಿನಕ್ಕೆ ಬೆಟ್ಟ ಹಸಿರಾಗುತ್ತದೆ. ಕಸಬಾ ಪೇಠೆಯ ಕುಂಭಾರವಾಡೆಯಿಂದ ತಂದ ಶಿವಾಜಿ ಮಹಾರಾಜರನ್ನು ತುದಿಯಲ್ಲಿ ಕೂರಿಸಿ, ಭರ್ಚಿ ಹಿಡಿದ ಮಾವಳೆಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರೆ ಸ್ವರಾಜ್ಯ ಸ್ಥಾಪನೆ ಆದಂತೆಯೇ. ಆಗುತ್ತಿತ್ತು ಕೂಡ, ಸೊಸೈಟಿಗೊಬ್ಬ ಕಿಲ್ಲೇದಾರ ಕಾಕಾ ಇರದಿದ್ದರೆ.

ನಮ್ಮ ಕೋಥರೂಡಿನ ಕಾಕಾ ಮೂಲತಃ ಬೆಳಗಾವಿಯವರು. ಅಲ್ಲಿಯೂ ದೀಪಾವಳಿಗೆ ಗಲ್ಲಿಗೊಂದು ಕಿಲ್ಲೆ ಏಳುವುದರಿಂದ ಚಟ ಬಾಲ್ಯದ್ದೇ. ಕೆಲಸ ಚಾಕಣದ ಒಂದು ವಾಹನ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ದಿನವಿಡೀ ಬೋಲ್ಟುಗಳಲ್ಲಿ ಕೂದಲೆಳೆಯ ತಪ್ಪು ಹುಡುಕಿ ಕೆಂಪಾದ ಆ ಕಣ್ಣು ಸಂಜೆ ಮಕ್ಕಳ ಕಿಲ್ಲೆಯ ಮೇಲೆ ಬೀಳುತ್ತದೆ. ಮಕ್ಕಳೊಂದಿಗೆ ಮರಾಠಿ, ನನ್ನೊಂದಿಗೆ ಬೆಳಗಾವಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು.

ಕಳೆದ ದೀಪಾವಳಿಗೆ ಮಕ್ಕಳು ಸಿಂಹಗಡ ಕಟ್ಟಲು ನಿಂತರು. ಕಾಕಾ ಒಂದು ಮಾವಳೆಯನ್ನು ಎತ್ತಿ ಟೇಪು ಹಿಡಿದರು. ನಾಲ್ಕು ಇಂಚು.

"ನೋಡ್ರಿ ಸರ, ಆರಡಿ ಆಳು ನಾಲ್ಕು ಇಂಚಾದ ಅಂದ್ರ ಹದಿನೆಂಟಕ್ಕ ಒಂದು ಅಳತಿ ಆತು. ಸಿಂಹಗಡ ಬುಡದಿಂದ 700 ಮೀಟರಿಗೂ ಮ್ಯಾಲ ಐತಿ. ಹದಿನೆಂಟರಿಂದ ಭಾಗಸ್ರಿ."

ಭಾಗಿಸಿದೆ. ಮೂವತ್ತೊಂಬತ್ತು ಮೀಟರಿನಷ್ಟಾಯಿತು. ಹನ್ನೊಂದು ಮಹಡಿಯ ನಮ್ಮ ಕಟ್ಟಡಕ್ಕಿಂತ ಕಿಲ್ಲೆಯೇ ಎತ್ತರ. ಮಹಾನಗರಪಾಲಿಕೆಯ ಪರವಾನಗಿ ಬೇಕು. ಕಾಕಾ ಎದೆಗುಂದಲಿಲ್ಲ. ಎಪ್ಪತ್ತೆರಡಕ್ಕೆ ಒಂದರ ಅಳತೆಯ ಸಣ್ಣ ಪ್ಲಾಸ್ಟಿಕ್ ಸೈನಿಕರನ್ನು ತಂದರೆ ಹತ್ತು ಮೀಟರಿನಲ್ಲಿ ಮುಗಿಯುತ್ತದೆ ಎಂದರು. ಅಷ್ಟರಲ್ಲಿ ಮಕ್ಕಳು ಸೊಂಟದೆತ್ತರಕ್ಕೆ ಸಿಂಹಗಡ ಮುಗಿಸಿ ಬಾವಿಗೆ ನೀರು ಬಿಡುತ್ತಿದ್ದರು.

ಮುಂದಿನ ತಕರಾರು ಉಡದ್ದು. 1670ರ ಫೆಬ್ರವರಿ 4ರ ರಾತ್ರಿ ತಾನಾಜಿ ಮಾಲುಸರೆ ಗಡ ಹತ್ತಿದ್ದು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಎಂಬ ಕಥೆ ಇಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಸಮಕಾಲೀನ ಆಧಾರವಿಲ್ಲದ ಪ್ರಾಣಿಗೆ ಕಿಲ್ಲೆಯಲ್ಲಿ ಜಾಗವಿಲ್ಲ ಎಂದು ಕಾಕಾ ಆಜ್ಞೆ ಹೊರಡಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಬಂಡೆಗೆ ಒಂದು ಪ್ಲಾಸ್ಟಿಕ್ ಡೈನೋಸಾರು ಅಂಟಿಕೊಂಡಿತ್ತು, ಸೊಂಟದಲ್ಲಿ ಪಾಯಿಜಾಮದ ಲಾಡಿ. ಕಾಕಾ ಕಿತ್ತರು. ಮಕ್ಕಳು ಮತ್ತೆ ಅಂಟಿಸಿದರು. ಉಡದ ಪಟ್ಟು ಎರಡೂ ಕಡೆ ಇತ್ತು.

ಆದರೆ ಅಂಗಳದ್ದು ಬರೀ ಚಿಲ್ಲರೆ ಕಾಳಗ. ಮುಖ್ಯ ರಣರಂಗ ಇರುವುದು ಏಳನೆಯ ಮಹಡಿಯಲ್ಲಿ, ಕಾಕಾ ಅವರ ಹೆಂಡತಿ ಕಾಕೂ ಅವರ ಡೈನಿಂಗ್ ಟೇಬಲ್ ಮೇಲೆ. ಅಲ್ಲಿ 1817ರ ನವೆಂಬರ್ 5ರ ಖಡಕಿ ಯುದ್ಧಕ್ಕೆ ಸಿದ್ಧತೆ ನಡೆದಿದೆ. ಇದು ಆಟ, ಆದರೆ ಮಕ್ಕಳಾಟವಲ್ಲ. ಕುದುರೆ ಸವಾರ ಒಂದು ಸರದಿಗೆ ಹನ್ನೆರಡು ಇಂಚು ಸರಿಯಬಹುದು, ಕಾಲಾಳು ಆರು. ತೋಪಿನ ಗುಂಡು ತಾಗಿತೋ ಇಲ್ಲವೋ ದಾಳ ಹೇಳಬೇಕು. ಪ್ರಶ್ಯದ ಸೇನಾಧಿಕಾರಿಗಳು 1824ರಿಂದಲೇ ಇಂಥದ್ದನ್ನು ಆಡಿ ಯುದ್ಧ ಕಲಿತರು ಎಂಬುದು ಟೇಬಲ್ ಖಾಲಿ ಮಾಡಿ ಎಂದವರಿಗೆ ಕಾಕಾ ಕೊಡುವ ಉತ್ತರ. ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಕಾಳಗಕ್ಕೆ ನಿಯಮಗಳ ಪುಸ್ತಕವನ್ನೇ ಬರೆದದ್ದು 1913ರಲ್ಲಿ. ಮರುವರ್ಷವೇ ಯುರೋಪು ಅದನ್ನು ಓದದೆ ನೇರ ಆಡಲು ಇಳಿಯಿತು.

ಖಡಕಿಯಲ್ಲಿ ಬಾಪು ಗೋಖಲೆಯ ಕೈಕೆಳಗೆ ಪೇಶ್ವೆಯ ಸೈನಿಕರು 25,000ಕ್ಕೂ ಹೆಚ್ಚು, ಕಂಪನಿಯವರು 3,000ದಷ್ಟು. ಐವತ್ತು ಜನಕ್ಕೆ ಒಂದು ಬೊಂಬೆ ಎಂದರೂ ಒಂದು ಕಡೆ ಅರವತ್ತು, ಇನ್ನೊಂದು ಕಡೆ ಐನೂರರ ಮೇಲೆ. ಕಂಪನಿಯ ಅರವತ್ತು ಮಂದಿ ಎಂದೋ ಸಿದ್ಧರಾದರು. ಒಂದೇ ಕೆಂಪು ಕೋಟು, ಸಾಲಾಗಿ ನಿಲ್ಲಿಸಿ ಬಳಿದರಾಯಿತು. ಪೇಶ್ವೆಯ ಸವಾರರಿಗೆ ಸಮವಸ್ತ್ರವಿಲ್ಲ, ಅವರವರ ಬಟ್ಟೆ ಅವರವರದು. ಯಾವ ಬಣ್ಣ ಬಳಿದರೂ ನಡೆಯುತ್ತದಲ್ಲ ಎಂದು ನಾನು ಅಂದದ್ದಕ್ಕೆ ಕಾಕಾ ನನ್ನನ್ನು ಕನಿಕರದಿಂದ ನೋಡಿದರು.

"ಅದಕ್ಕ ನೋಡ್ರಿ ತಡ ಆಗೋದು. ಒಬ್ಬೊಬ್ಬಂಗೂ ಬ್ಯಾರೆ ಬ್ಯಾರೆ ಮುಂಡಾಸ ಯೋಚನೆ ಮಾಡಬೇಕಲ್ಲ!"

ಇಂಗ್ಲೆಂಡಿನಿಂದ ಬರುವ 28 ಮಿಲಿಮೀಟರಿನ ಲೋಹದ ಸೈನಿಕನ ಅಚ್ಚಿನ ಗೆರೆಯನ್ನು ಮೊದಲು ಬ್ಲೇಡಿನಿಂದ ಕೆರೆಯಬೇಕು. ಮುಂಡಾಸು ಒಪ್ಪಿಗೆಯಾಗದಿದ್ದರೆ ತಲೆ ಹಾರಿಸಿ, ಎಂ-ಸೀಲ್ ಹೊಸೆದು ಪುಣೇರಿ ಸುತ್ತು ಸುತ್ತಬೇಕು. ಅಸ್ತರಿನ ಬಣ್ಣ ಒಣಗಿದ ಮೇಲೆ ಅಂಗರಖಾ, ಮೇಲೆ ತೆಳುವಾದ ಕಂದು ನೀರು. ಅದು ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ಕೊನೆಗೆ ಕಣ್ಣು. ಆಗ ಮನೆಯಲ್ಲಿ ಫ್ಯಾನ್ ಬಂದ್, ಮಿಕ್ಸರ್ ಬಂದ್, ಮಾತು ಬಂದ್. ಕಾಕಾ ಭೂತಗನ್ನಡಿಯ ದೀಪದ ಕೆಳಗೆ ಉಸಿರು ಬಿಗಿಹಿಡಿದು, ಸೊನ್ನೆ ನಂಬರಿನ ಬ್ರಶ್ಶಿನ ತುದಿಯಿಂದ ಎರಡು ಚುಕ್ಕೆ ಇಡುತ್ತಾರೆ. ಆ ಕ್ಷಣಕ್ಕೇ ಕುಕ್ಕರು ಕೂಗುತ್ತದೆ. ಸವಾರನ ಒಂದು ಕಣ್ಣು ಖಡಕಿಯತ್ತ, ಇನ್ನೊಂದು ಪೇಶ್ವೆ ಬಾಜೀರಾಯರು ನಿಂತು ಯುದ್ಧ ನೋಡಿದ ಪರ್ವತಿ ಗುಡ್ಡದತ್ತ. ಅಳಿಸಿ ಮತ್ತೆ ಮೊದಲಿಂದ.

ಹೀಗಾಗಿ 1817ರ ನವೆಂಬರ್ 5 ಏಳನೆಯ ಮಹಡಿಗೆ ಇನ್ನೂ ಬಂದಿಲ್ಲ. ಮನೆಮಂದಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಾರೆ. "ಯುದ್ಧ ಸೋತ ಬಾಜೀರಾಯ ಸೈತ ಬಿಠೂರಕ್ಕ ಹೋಗಿ ವರ್ಷಕ್ಕ 8 ಲಕ್ಷ ಪಿಂಚಣಿ ಎಣಿಸ್ಕೋತ ಕುಂತ. ನಮ್ಮವರ ಪಗಾರ ಮಾತ್ರ ಬಣ್ಣದ ಡಬ್ಬಿಗೆ ಹೊಂಟೈತಿ," ಎನ್ನುತ್ತಾರೆ ಕಾಕೂ.

ದೀಪಾವಳಿಯ ದಿನ ಕಿಲ್ಲೆಯ ಮುಂದೆ ಕಾಕಾ ಮರಾಠಿಯಲ್ಲಿ ಫಲಕ ನೆಟ್ಟರು: "ಕಿಲ್ಲೆ ಇರುವುದು ನೋಡಲು, ಸಲಹೆ ನೀಡಲು ಅಲ್ಲ. ಸಲಹೆ ತಡೆಯಲಾಗದಿದ್ದರೆ ಗ್ರಂಥದ ಹೆಸರು, ಪುಟಸಂಖ್ಯೆ ಸಹಿತ ನೀಡಿ. ಮಧ್ಯಾಹ್ನ 1ರಿಂದ 4ರವರೆಗೆ ಕಿಲ್ಲೆಗೆ ವಿಶ್ರಾಂತಿ."

ಪುಣೆಯಲ್ಲಿ ಇಂಥ ಫಲಕ ಓದಿ ಸುಮ್ಮನೆ ಹೋಗುವವರು ಯಾರು? ಸದಾಶಿವ ಪೇಠೆಯಿಂದ ಮಗಳ ಮನೆಗೆ ಬಂದಿದ್ದ ನಿವೃತ್ತ ಮಾಸ್ತರರೊಬ್ಬರು ಕನ್ನಡಕ ಏರಿಸಿ, ಎರಡನೆಯ ಸಾಲಿನ ಒಂದು ದೀರ್ಘ ಹ್ರಸ್ವವಾಗಬೇಕು ಎಂದರು. ಅಲ್ಲಿಂದ ಮಾತು ಸಿಂಹಗಡದ ಕಲ್ಯಾಣ ದರವಾಜೆ ಯಾವ ದಿಕ್ಕಿಗಿದೆ ಎಂಬುದಕ್ಕೆ ಏರಿತು. ಸಾಕ್ಷ್ಯಕ್ಕಾಗಿ ಮರುದಿನ ಭಾರತ ಇತಿಹಾಸ ಸಂಶೋಧಕ ಮಂಡಳಕ್ಕೆ ಹೋಗುವುದೆಂದು ನಿಶ್ಚಯವಾಯಿತು. ವಿ.ಕಾ. ರಾಜವಾಡೆಯವರು 1910ರಲ್ಲಿ ಆ ಸಂಸ್ಥೆ ಕಟ್ಟಿದ್ದು ಇಂಥವರಿಬ್ಬರು ಬೀದಿಯಲ್ಲಿ ನಿಂತು ಜಗಳಾಡದಿರಲಿ ಎಂದೇ ಇರಬೇಕು. ಈಗ ಮಾಸ್ತರರು ಕಾಕಾ ಅವರ ಜೀವದ ಗೆಳೆಯರು. ವಾರಕ್ಕೊಮ್ಮೆ ಬಂದು ಪೇಶ್ವೆ ಸೈನ್ಯದ ಒಬ್ಬನ ಪಂಚೆಯ ಅಂಚನ್ನಾದರೂ ತಿರಸ್ಕರಿಸಿ ಹೋಗುತ್ತಾರೆ.

ಭಾವುಬೀಜದ ರಾತ್ರಿ ಮಕ್ಕಳು ವಾಡಿಕೆಯಂತೆ ಕಿಲ್ಲೆಯ ನೆತ್ತಿಯಲ್ಲಿ ಸುತಳಿ ಬಾಂಬು ಹೂತು ಹಚ್ಚಿದರು. ಢಮ್ ಎಂದಿತು. ಡೈನೋಸಾರು ಪಾರ್ಕಿಂಗಿನಲ್ಲಿ ಸಿಕ್ಕಿತು. ಕಾಕಾ ಬನಿಯನ್ನಿನಲ್ಲೇ ಓಡಿ ಬಂದರು. ಈಗ ಬೈಯುತ್ತಾರೆ ಎಂದು ಮಕ್ಕಳೆಲ್ಲ ಬೈಕುಗಳ ಹಿಂದೆ ಅಡಗಿದರು. ಕಾಕಾ ಗುಂಡಿಯನ್ನು ಬಗ್ಗಿ ಪರೀಕ್ಷಿಸಿ, ನನ್ನ ಕಡೆ ತಿರುಗಿದರು.

"ತಪ್ಪು ಸರ, ಪೂರಾ ತಪ್ಪು. ಸಿಂಹಗಡದಾಗ ತಾನಾಜಿ ಮಂದಿ ಸುರಂಗ ಹಚ್ಚೇ ಇಲ್ಲ. ಅವರು ಹತ್ತಿದ್ದು ಹಗ್ಗಾ ಹಿಡದು. ಸುರಂಗ ಹಚ್ಚಿದ್ದು ನಮ್ಮ ಚಾಕಣದಾಗ, 1660ರಾಗ. ಫಿರಂಗೋಜಿ ನರಸಾಳಾ ಐವತ್ತು ದಿನದ ಮ್ಯಾಲ ತಡದು ನಿಂತಿದ್ದ. ಕಡೀಕ ಶಾಯಿಸ್ತೆಖಾನನ ಮಂದಿ ಬುರುಜಿನ ಬುಡಕ್ಕ ತೋಡಿ ಹಾರಿಸಿದ್ರು. ಬುಡಕ್ಕ ಸರ, ನೆತ್ತಿಗಲ್ಲ!"

ಬೈಕಿನ ಹಿಂದಿನಿಂದ ಒಂದು ತಲೆ ಹೊರಬಂದು, ಇನ್ನೂ ಎರಡು ಬಾಂಬು ಉಳಿದಿವೆ ಎಂದಿತು.

ಕಾಕಾ ಸ್ವಲ್ಪ ಯೋಚಿಸಿದರು.

"ಅವನ್ನ ಒಣಾ ಜಾಗಾದಾಗ ಇಡ್ರಿ. ಬರೂ ವರ್ಷ ಚಾಕಣ ಕಟ್ಟೋಣ. ಅಲ್ಲಿ ಸಿಡಿಸಾಕ ಆಧಾರ ಐತಿ."