ಮೊದಲ ಎಣ್ಣೆಯ ಚಕ್ಕುಲಿ

ಡಿಸೆಂಬರ್ ಎರಡನೇ ವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಯಾರಾದರೂ ಗೃಹಿಣಿ ಒಟ್ಟಿಗೆ ನಾಲ್ಕು ಬಾಚಣಿಗೆ ಕೊಂಡರೆ, ಮನೆಯಲ್ಲಿ ಹೇನಿನ ಕಾಟವೇ ಎಂದು ಕೇಳಬಾರದು. ಅವರ ಮನೆಯಲ್ಲಿ ಕ್ರಿಸ್‌ಮಸ್ ಶುರುವಾಗಿದೆ, ಅಷ್ಟೆ. ಹೊಸ ಬಾಚಣಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಬೇಕು. ಮೈದಾ, ತೆಂಗಿನ ಹಾಲು, ತುಪ್ಪ ಹಾಕಿ ಕಲಸಿದ ಹಿಟ್ಟಿನ ಪುಟ್ಟ ಗೋಲಿಯನ್ನು ಅದರ ಹಲ್ಲುಗಳ ಮೇಲೆ ಒತ್ತಿ, ಹೆಬ್ಬೆರಳಿನಿಂದ ಹಿಂದಕ್ಕೆ ಉರುಳಿಸಿದರೆ ಮೈತುಂಬ ಗೆರೆಯಿರುವ ಕುಲ್‌ಕುಲ್ ಸುರುಳಿ ಸುತ್ತಿಕೊಂಡು ಬೀಳುತ್ತದೆ. ಫೋರ್ಕಿನ ಬೆನ್ನಿನ ಮೇಲೆ ಉರುಳಿಸುವವರೂ ಇದ್ದಾರೆ. ಬಾಚಣಿಗೆ ಪಂಥದವರು ಅವರನ್ನು ಸ್ವಲ್ಪ ಕನಿಕರದಿಂದಲೇ ನೋಡುತ್ತಾರೆ.

ಇದು ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಅತ್ತಿಗೆ, ನಾದಿನಿ, ಪಕ್ಕದ ಮನೆಯವರು ಎಲ್ಲರೂ ಚಾಪೆ ಹಾಸಿ ಕೂರುತ್ತಾರೆ. ಕೈ ಹಿಟ್ಟನ್ನು ಸುತ್ತುತ್ತಿದ್ದರೆ ಬಾಯಿ ಬೀದಿಯನ್ನು ಸುತ್ತುತ್ತದೆ. ಯಾರ ಮನೆಗೆ ಕೊಡಲೆಂದು ತಿಂಡಿ ಮಾಡುತ್ತಿದ್ದಾರೋ ಅವರ ಮನೆಯ ವಿಷಯವೇ ಹೆಚ್ಚು ಹೊತ್ತು ಬೇಯುತ್ತದೆ. ಇದಕ್ಕೆ ಯಾರೂ ಮುಖ ಸಿಂಡರಿಸಬೇಕಿಲ್ಲ. ನೆರೆಯವರನ್ನು ಪ್ರೀತಿಸು ಎಂದಮೇಲೆ ನೆರೆಯವರ ವಿಚಾರ ಗೊತ್ತಿರಬೇಡವೇ?

ಹಬ್ಬದ ಗದ್ದಲದಲ್ಲಿ ಕ್ರಿಸ್ತನ ಪ್ರೀತಿ ಕಳೆದುಹೋಗದಿರಲಿ ಎಂಬುದು ಆಗಮನ ಕಾಲದ ನಾಲ್ಕೂ ಭಾನುವಾರ ಕೇಳಿಬರುವ ಮಾತು. ದುಂದು ಬೇಡ, ಬಡವರನ್ನು ನೆನೆಯಿರಿ ಎಂದು ಫಾದರ್ ಹೇಳುತ್ತಾರೆ. ಭಕ್ತಾದಿಗಳು ತಲೆದೂಗುತ್ತಾರೆ; ಪೂಜೆ ಮುಗಿಸಿ ನೇರ ದುರ್ಗಿಗುಡಿಗೆ ಬಟ್ಟೆ ಕೊಳ್ಳಲು ಹೋಗುತ್ತಾರೆ. ಹಾಗೆಂದು ಅವರ ಮನಸ್ಸಿನಲ್ಲಿ ಬಡವರಿಲ್ಲವೆಂದಲ್ಲ. ಗಮನಿಸಿ ನೋಡಿದರೆ ದೂರದ ಬಡವನನ್ನು ಪ್ರೀತಿಸುವುದು ಅಂಥ ಕಷ್ಟವೇನೂ ಅಲ್ಲ. ಕಂಬಳಿ ಕೊಡಬಹುದು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಆತ ಎದುರು ಮಾತಾಡುವುದಿಲ್ಲ. ಪ್ರೀತಿಗೆ ನಿಜವಾದ ಪರೀಕ್ಷೆ ಇರುವುದು ಗೋದಲಿ ಕಮಿಟಿಯಲ್ಲಿ.

ಗೋದಲಿಯ ಸಂಪ್ರದಾಯಕ್ಕೆ ಎಂಟು ಶತಮಾನ ದಾಟಿದೆ. 1223ರಲ್ಲಿ ಇಟಲಿಯ ಗ್ರೆಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿ, ದನದ ಕೊಟ್ಟಿಗೆಯ ಬಡತನ ಹೇಗಿತ್ತೆಂದು ಜನರಿಗೆ ತೋರಿಸಿದರು. ಇವತ್ತಿನ ಗೋದಲಿಗೆ ಮೋಟರ್ ಇದೆ. ಮಲೆನಾಡಿನವರಾದ್ದರಿಂದ ಒಂದು ಜಲಪಾತ ಇರಲೇಬೇಕು, ಅದು ಜೋಗದಂತೆಯೇ ನಾಲ್ಕು ಕವಲಾಗಿ ಬಿದ್ದರೆ ಇನ್ನೂ ಚೆನ್ನ. ಬೆತ್ಲೆಹೇಮಿನ ಗುಡ್ಡದಲ್ಲಿ ಆಟಿಕೆ ರೈಲು ಓಡುತ್ತದೆ. ಎರಡು ವಾರ ಮೊದಲೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಬೆಳೆಸಿದ ಹಸಿರು ಪೈರು ಮಾತ್ರ ಹಳೇ ಕಾಲದ್ದು, ಮತ್ತು ಇಡೀ ಏರ್ಪಾಟಿನಲ್ಲಿ ಅದಕ್ಕಿಂತ ಚಂದದ್ದು ಇನ್ನೊಂದಿಲ್ಲ. ಬಾಲಯೇಸುವನ್ನು 24ರ ರಾತ್ರಿಯೇ ಮಲಗಿಸಬೇಕು ಎಂಬುದು ನಿಯಮ. ಅಷ್ಟು ಹೊತ್ತಿಗೆ ಮೇಕೆ, ಕುರಿ, ಒಂಟೆ, ಸೀರಿಯಲ್ ಬಲ್ಬುಗಳ ನಡುವೆ ಕೂಸಿಗೆ ಜಾಗ ಹುಡುಕುವುದು ಜೋಸೆಫ ಛತ್ರದಲ್ಲಿ ಕೋಣೆ ಹುಡುಕಿದಷ್ಟೇ ಪ್ರಯಾಸ.

ಇಷ್ಟಾದ ಮೇಲೆ ಗೋದಲಿ ಸ್ಪರ್ಧೆ, ತೀರ್ಪುಗಾರರು, ಬಹುಮಾನ. ಎರಡನೇ ಬಹುಮಾನ ಬಂದ ವಾರ್ಡಿನವರು ಮೊದಲ ಬಹುಮಾನದವರೊಡನೆ ಮಾತು ಬಿಟ್ಟರೆ, ಮತ್ತೆ ಮಾತಾಡುವುದು ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದ ಮೇಲೆಯೇ. ಇದು ಯಾವ ಚರ್ಚಿನ ಕಥೆ ಎಂದು ಕೇಳಬಾರದು. ಓದುಗರು ತಮ್ಮದೆಂದುಕೊಂಡರೆ ಲೇಖಕನ ತಕರಾರಿಲ್ಲ.

ಇನ್ನು ಹಾಡಿನ ವಿಷಯ. ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದು, ಲ್ಯಾಟಿನ್ ಜಾಗದಲ್ಲಿ ಆಯಾ ಜನರ ನುಡಿಯಲ್ಲೇ ಪೂಜೆ ಸಲ್ಲಿಸಲು ದಾರಿ ಮಾಡಿಕೊಟ್ಟಿತು. ರೋಮಿನಲ್ಲಿ ಕೂತ ಧರ್ಮಪಿತೃಗಳಿಗೆ ಮಲೆನಾಡಿನ ಒಂದೊಂದು ಚರ್ಚಿನಲ್ಲೂ ಎಷ್ಟು ನುಡಿಯ ಜನರಿದ್ದಾರೆಂದು ಅಂದಾಜು ಇತ್ತೋ ಇಲ್ಲವೋ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಯವರು, ಕೆಲಸ ಹುಡುಕಿ ಬಂದ ತಮಿಳರು, ಮಲಯಾಳಿಗಳು, ಕನ್ನಡವೇ ಮನೆಮಾತಾದವರು ಎಲ್ಲರೂ ಒಂದೇ ಬೆಂಚಿನವರು. ಲ್ಯಾಟಿನ್ ಇದ್ದಾಗ ಯಾರಿಗೂ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಜಗಳವೂ ಇರಲಿಲ್ಲ. ಈಗ ಹಬ್ಬದ ರಾತ್ರಿ ಯಾವ ಭಾಷೆಗೆ ಎಷ್ಟು ಹಾಡು ಎಂಬ ಲೆಕ್ಕ ಗಾಯನವೃಂದದಲ್ಲಿ ಕಾವೇರಿ ನೀರಿನ ಹಂಚಿಕೆಯಷ್ಟೇ ಗಂಭೀರ. ಶಾಂತಿಯ ಹಾಡನ್ನು ಯಾರು ಹಾಡಬೇಕು ಎಂಬುದರಲ್ಲೇ ಅಶಾಂತಿ ಹೆಚ್ಚು. ಆದರೂ 24ರ ರಾತ್ರಿ ಎಲ್ಲರೂ ಒಂದೇ ಕೀಬೋರ್ಡಿನ ಸುತ್ತ ನಿಂತು ಹಾಡುವುದು ನಿಜ. ಅದು ಸಣ್ಣ ಪವಾಡವೇನೂ ಅಲ್ಲ.

ಯುವಜನರ ಕೂಟಗಳಲ್ಲಿ, ಕಾನ್ವೆಂಟುಗಳಲ್ಲಿ ಕ್ರಿಸ್‌ಮಸ್ ಫ್ರೆಂಡ್ ಎಂಬ ಆಟವಿದೆ. ಎಲ್ಲರ ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಕುಲುಕುತ್ತಾರೆ. ಯಾರ ಹೆಸರು ಬಂತೋ ಅವರಿಗಾಗಿ ಹಬ್ಬದವರೆಗೆ ಗುಟ್ಟಾಗಿ ಪ್ರಾರ್ಥಿಸಬೇಕು, ಕೊನೆಗೊಂದು ಉಡುಗೊರೆ ಕೊಡಬೇಕು. ಗುಟ್ಟಾಗಿ ಕೊಡುವುದಕ್ಕೆ ಮೂಲಪುರುಷ ಈಗಿನ ಟರ್ಕಿಯಲ್ಲಿರುವ ಮೈರಾ ಪಟ್ಟಣದ ಬಿಷಪ್ ಸಂತ ನಿಕೋಲಾಸ್, ಡಿಸೆಂಬರ್ 6 ಅವರ ಹಬ್ಬ. ವರದಕ್ಷಿಣೆಗೆ ಗತಿಯಿಲ್ಲದ ಬಡವನ ಮೂವರು ಹೆಣ್ಣುಮಕ್ಕಳಿಗಾಗಿ ರಾತ್ರಿ ಹೊತ್ತು ಹೊನ್ನಿನ ಗಂಟು ಎಸೆದು ಹೋದರೆಂದು ಐತಿಹ್ಯ. ಅವರ ವಾರಸುದಾರರಾದ ನಮ್ಮವರು ಹೊನ್ನು ಎಸೆಯುವುದಿಲ್ಲ, ಹೋದ ವರ್ಷ ಇನ್ಯಾರೋ ಕೊಟ್ಟ ಫೋಟೊ ಫ್ರೇಮನ್ನೇ ಹೊಸ ಕಾಗದ ಸುತ್ತಿ ದಾಟಿಸುತ್ತಾರೆ. ಅದು ಹೋಗಲಿ. ಚೀಟಿಯಲ್ಲಿ ಆಗದವರ ಹೆಸರು ಬಂದಾಗ ಏನಾಗುತ್ತದೆ ನೋಡಬೇಕು. ಬೆಂಚಿನ ಕೆಳಗೆ ಕೈ ಚಾಚಿ ಪಕ್ಕದವರೊಡನೆ ಚೀಟಿ ಬದಲಾಯಿಸಿಕೊಳ್ಳುತ್ತಾರೆ. ಪ್ರೀತಿಸಬೇಕಾದವರನ್ನು ದೇವರು ಚೀಟಿ ಎತ್ತಿಯೇ ತೋರಿಸಿಕೊಟ್ಟರೂ, ಬೇರೆ ಕೊಡಿ ಎನ್ನುವ ಜನ ನಾವು.

ಪ್ರೀತಿ ನೆಟ್ಟಗೆ ಕೆಲಸ ಮಾಡುವುದನ್ನು ನೋಡಬೇಕಾದರೆ ಭದ್ರಾವತಿಗೆ ಹೋಗಬೇಕು. ಒಂದು ಕಾಲದಲ್ಲಿ ಬೆಂಕಿಪುರ ಎನಿಸಿಕೊಂಡಿದ್ದ ಊರು. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಎರಡು ಕಾರ್ಖಾನೆಗಳು ಸೇರಿ ದಕ್ಷಿಣ ಭಾರತದ ಎಲ್ಲ ಭಾಷೆ, ಎಲ್ಲ ಜಾತಿಗಳನ್ನೂ ಕ್ವಾರ್ಟರ್ಸುಗಳ ಸಾಲಿನಲ್ಲಿ ತಂದು ಕೂರಿಸಿದವು. ಯಾರ ಪಕ್ಕ ಯಾರು ಎಂಬುದನ್ನು ತೀರ್ಮಾನಿಸಿದ್ದು ಕುಲವಲ್ಲ, ಮನೆ ಹಂಚುವ ಗುಮಾಸ್ತ. ಚೀಟಿ ಬದಲಾಯಿಸಲು ಅಲ್ಲಿ ಬರುತ್ತಿರಲಿಲ್ಲ.

ನ್ಯೂಟೌನಿನ ಅಂಥದೊಂದು ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಎಡಕ್ಕೆ ಮೊಟ್ಟೆ ಮುಟ್ಟದವರು, ಬಲಕ್ಕೆ ಹಲಾಲ್ ಅಲ್ಲದ್ದು ತಿನ್ನದವರು, ಎದುರಿಗೆ ಸಕ್ಕರೆ ಕಾಯಿಲೆಯವರು. ಟೀಚರ್ ಬಾಣಲೆ ಇಡುವ ದಿನ ಮೊದಲು ಹೊಸ ಎಣ್ಣೆಯಲ್ಲಿ ಚಕ್ಕುಲಿ ಕರಿಯುತ್ತಾರೆ, ಅದು ಎಡಗಡೆ ಮನೆಗೆ. ಆಮೇಲೆ ಕಾಯಿತುರಿ ಹೂರಣದ ನೆವ್ರಿ. ಕರ್ಜಿಕಾಯಿ ಬಲ್ಲವರಿಗೆ ಅದರ ಪರಿಚಯ ಮಾಡಿಸಬೇಕಿಲ್ಲ. ಮೊಟ್ಟೆ ಬಿದ್ದ ರೋಸ್ ಕುಕ್ಕಿಯ ಹಿಟ್ಟು ಆ ಎಣ್ಣೆಗೆ ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಅದರ ಅಚ್ಚೋ ಬಲು ಹಟಮಾರಿ. ಎಣ್ಣೆಯಲ್ಲಿ ಸರಿಯಾಗಿ ಕಾಯದಿದ್ದರೆ ಹಿಟ್ಟನ್ನು ಬಿಡುವುದೇ ಇಲ್ಲ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಉಕ್ಕು ಕಾಯಿಸಿದ ಯಜಮಾನರು, ಶಾಖ ಸಾಲದು ಎಂದು ಪಡಸಾಲೆಯಿಂದಲೇ ತಜ್ಞ ಅಭಿಪ್ರಾಯ ಕೊಡುತ್ತಾರೆ. ‘ನೀವು ಪೇಪರ್ ಓದ್ರಿ’ ಎಂದು ಒಳಗಿನಿಂದ ಉತ್ತರ ಬರುತ್ತದೆ.

ಸಂಜೆ ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆಗಳು ಹೊರಡುತ್ತವೆ.

‘ಟೀಚರ್, ಇದರಲ್ಲಿ ಮೊಟ್ಟೆ ಇಲ್ಲ ತಾನೇ?’

‘ಇಲ್ಲಮ್ಮ, ನಿಮ್ಮದು ಮೊದಲನೇ ಎಣ್ಣೆ. ಆರಾಮಾಗಿ ತಿನ್ನಿ.’

ಕ್ರಿಸ್ತನ ಪ್ರೀತಿಯ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದರೂ, ಅಷ್ಟು ಚಿಕ್ಕದಾದ, ಅಷ್ಟು ಚೊಕ್ಕವಾದ ಇನ್ನೊಂದು ಈ ಲೇಖಕನ ಕಿವಿಗೆ ಬಿದ್ದಿಲ್ಲ. ತನಗೆ ಇಷ್ಟವಾದದ್ದನ್ನು ಕೊಡುವುದು ಸುಲಭ. ಪಕ್ಕದ ಮನೆಯವರಿಗೆ ಏನು ಒಗ್ಗುವುದಿಲ್ಲ ಎಂದು ನೆನಪಿಟ್ಟುಕೊಂಡು ಬಾಣಲೆಯ ಸರದಿಯನ್ನೇ ಬದಲಿಸುವುದಕ್ಕೆ ಹಬ್ಬದ ಗಡಿಬಿಡಿಯಲ್ಲಿ ದೊಡ್ಡ ಮನಸ್ಸು ಬೇಕು.

ಈಚೆಗೆ ತಟ್ಟೆಗಳು ಕಡಿಮೆಯಾಗಿವೆ. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. ಕಬ್ಬಿಣದ ಕಾರ್ಖಾನೆ ಮುಚ್ಚುವ ಸುದ್ದಿ 2023ರ ಜನವರಿಯಲ್ಲಿ, ಹಬ್ಬದ ನಕ್ಷತ್ರ ಇಳಿಸುವ ಹೊತ್ತಿಗೇ ಬಂತು. ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ. ಬೀಗ ಬಿದ್ದ ಮನೆಗೆ ಚಕ್ಕುಲಿ ಕೊಡಲಾದೀತೇ? ವಾಟ್ಸ್‌ಆ್ಯಪಿನಲ್ಲಿ ಬರುವ ಕೇಕಿನ ಚಿತ್ರಕ್ಕೆ ಮೊಟ್ಟೆಯ ತೊಂದರೆಯಿಲ್ಲ, ಸಕ್ಕರೆಯ ತೊಂದರೆಯೂ ಇಲ್ಲ.

ಇತ್ತ ಶಿವಮೊಗ್ಗದಲ್ಲಿ 24ರ ರಾತ್ರಿ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಪ್ರಧಾನಾಲಯಕ್ಕೆ ಊರೇ ನುಗ್ಗುತ್ತದೆ. 1988ರ ನವೆಂಬರ್ 14ರಂದು ಚಿಕ್ಕಮಗಳೂರಿನಿಂದ ಬೇರ್ಪಟ್ಟು ಹೊಸ ಧರ್ಮಕ್ಷೇತ್ರವಾದ ಊರಿಗೆ ತಕ್ಕ ಭವ್ಯ ಕಟ್ಟಡ ಅದು. ಬಂದವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು. ಗೋದಲಿ ನೋಡಿ, ಮೇಣದಬತ್ತಿ ಹಚ್ಚಿ, ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಒಂದು ಕಟ್ಟಪ್ಪಣೆ ಇದೆ. ನಿನ್ನ ಮೇಲೆ ಸಹೋದರನಿಗೆ ಏನಾದರೂ ಮನಸ್ತಾಪವಿರುವುದು ಬಲಿಪೀಠದ ಬಳಿ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಡನೆ ರಾಜಿಯಾಗಿ ಬರಬೇಕಂತೆ. ಆ ರಾತ್ರಿ ಎಲ್ಲರೂ ಇದನ್ನು ಅಕ್ಷರಶಃ ಪಾಲಿಸಿದರೆಂದು ಊಹಿಸಿ. ಅರ್ಧ ಪೂಜೆಗೇ ಬೆಂಚುಗಳು ಖಾಲಿ. ವಿನೋಬನಗರದ ಅಣ್ಣ ಗೋಪಾಳದ ತಮ್ಮನನ್ನು ಹುಡುಕಿಕೊಂಡು, ತಮ್ಮ ಅಣ್ಣನನ್ನು ಹುಡುಕಿಕೊಂಡು, ಸೋಪ್ರಾನೊ ಗುಂಪು ಕೀಬೋರ್ಡ್ ನುಡಿಸುವವನನ್ನು ಅಟ್ಟಿಸಿಕೊಂಡು ಹೊರಟು, ರಸ್ತೆಯುದ್ದಕ್ಕೂ ಟ್ರಾಫಿಕ್ ಜಾಮ್. ಪೊಲೀಸರು ಕಾರಣ ಕೇಳಿದರೆ, ‘ರಾಜಿಗೆ ಹೊರಟಿದ್ದೀವಿ ಸಾರ್’ ಎನ್ನಬೇಕು. ಜಿಲ್ಲಾಡಳಿತದ ಪುಣ್ಯಕ್ಕೆ ಅಂಥದ್ದೇನೂ ಆಗುವುದಿಲ್ಲ. ಶಾಂತಿ ಹಂಚಿಕೊಳ್ಳಿ ಎಂದಾಗ ಭಕ್ತರು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಕೈಮುಗಿಯುತ್ತಾರೆ. ಹಿಂದಿನ ಸಾಲಿನಲ್ಲಿ ಆಗದವರು ಕೂತಿದ್ದರೆ ಕತ್ತು ಅಷ್ಟು ದೂರ ತಿರುಗುವುದಿಲ್ಲ.

ಆಗದವರ ಮನೆಗೂ ಒಂದು ತಟ್ಟೆ ಕಳಿಸಿ ನೋಡಬಹುದು. ಬಾಗಿಲಲ್ಲಿ ನಿಂತು ಏನು ಮಾತಾಡಬೇಕೆಂದು ತೋಚದಿದ್ದರೂ, ತಗೊಳ್ಳಿ ಎಂದರೆ ಸಾಕು. ಮಲೆನಾಡಿನಲ್ಲಿ ಯಾರೂ ನೆರೆಮನೆಯ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಹಿಡಿ ಸಕ್ಕರೆಯಾದರೂ ಇರುತ್ತದೆ. ಕ್ರಿಸ್‌ಮಸ್ ಕಳೆದು ಮೂರು ವಾರಕ್ಕೆ ಸಂಕ್ರಾಂತಿ. ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಒಂದು ವಿನಂತಿ: ಅಡುಗೆಮನೆಯ ಕಪಾಟಿನಲ್ಲಿ ಹೋದ ಡಿಸೆಂಬರಿನಿಂದ ಟೀಚರ್ ಮನೆಯ ತಟ್ಟೆ ಉಳಿದುಬಿಟ್ಟಿದ್ದರೆ, ತಿಕ್ಕಿ ತೊಳೆದು, ಎಳ್ಳು ಬೆಲ್ಲ ತುಂಬಿ ಕೊಟ್ಟು ಬನ್ನಿ. ಅವರಿಗೆ ಮುಂದಿನ ಹಬ್ಬಕ್ಕೆ ಬೇಕು.