ತಲೆನೋವಿನ ಹಾಜರಿ

ತಲೆನೋವಿಗೆಂದು ರಜೆ ಕೇಳುವ ನೌಕರ ಕುಮಟಾ, ಹೊನ್ನಾವರದ ಕಚೇರಿಗಳಲ್ಲಿ ಅಪರೂಪ. ಜ್ವರಕ್ಕೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ, ಮುರಿದ ಕೈಗೆ ಪ್ಲಾಸ್ಟರು. ತಲೆನೋವಿಗೆ ನೋಯುವವನ ಮುಖವೊಂದೇ ಪುರಾವೆ. ಅಂಥ ಮುಖ ಸೋಮವಾರ ಬೆಳಿಗ್ಗೆ ಎಲ್ಲರಿಗೂ ಇರುತ್ತದೆ. ಇದರ ಜೊತೆಗೆ ರಜೆಯ ಲೆಕ್ಕ ಬೇರೆ. ರಾಜ್ಯ ಸರ್ಕಾರ 2019ರಲ್ಲಿ ನಾಲ್ಕನೆಯ ಶನಿವಾರವನ್ನು ಬಿಡುವು ಮಾಡಿ, ಅದರ ಬದಲಿಗೆ ಸಾಂದರ್ಭಿಕ ರಜೆಯನ್ನು (ಸಿ.ಎಲ್.) ವರ್ಷಕ್ಕೆ 15ರಿಂದ 10ಕ್ಕೆ ಇಳಿಸಿತು. ಆ ಹತ್ತರಲ್ಲಿ ಚೌತಿ, ಊರ ಬಂಡಿಹಬ್ಬ, ನೆಂಟರ ಮದುವೆ, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ಮರುದಿನದ ನಿದ್ದೆ ಎಂದು ಪಾಲು ಹಂಚಿದ ಮೇಲೆ ತಲೆಯ ಪಾಲಿಗೆ ಉಳಿಯುವುದು ಅಮೃತಾಂಜನದ ಶೀಸೆ.

ಕಾಯಿಲೆಯಂತೂ ಅಪರೂಪದ್ದಲ್ಲ. ನಿಮ್ಹಾನ್ಸ್‌ನ ವೈದ್ಯರು ವಿದೇಶಿ ಸಂಶೋಧಕರ ಜೊತೆ ಸೇರಿ ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 18ರಿಂದ 65 ವಯಸ್ಸಿನ 2,329 ಜನರನ್ನು ವಿಚಾರಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಕಂಡವರು ಶೇ 63.9. ಮೈಗ್ರೇನ್ ಇದ್ದವರು ಸುಮಾರು ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ತಲೆನೋವೇ ಕಾಣದ ಉಳಿದವರೆಲ್ಲ ಮೇಲಧಿಕಾರಿಗಳೇ ಎಂಬುದನ್ನು ಅಧ್ಯಯನ ಹೇಳುವುದಿಲ್ಲ.

ಸಾಮಾನ್ಯ ಬಿಗಿತದ ತಲೆನೋವು ಹಣೆಯ ಸುತ್ತ ಪಟ್ಟಿ ಬಿಗಿದಂತೆ ಕಾಡುತ್ತದಾದರೂ ಕೆಲಸ ಮಾಡಲು ಬಿಡುತ್ತದೆ. ಮೈಗ್ರೇನಿಗೆ ಅಷ್ಟು ದಾಕ್ಷಿಣ್ಯವಿಲ್ಲ. ಬೆಳಕು ಬೇಡ, ಸದ್ದು ಬೇಡ, ಹೊಟ್ಟೆ ತೊಳಸುತ್ತದೆ, ಮೆಟ್ಟಿಲು ಹತ್ತಿದರೆ ನೋವು ಏರುತ್ತದೆ, ಗಮನ ನಿಲ್ಲುವುದಿಲ್ಲ. ಇಂಥ ಸ್ಥಿತಿಯಲ್ಲೂ ಗುಮಾಸ್ತ ಹಾಜರಿ ಹಾಕಿ ಕೂರುತ್ತಾನೆ. ಸರ್ವೆ ನಂಬರಿನ ಒಂದು ಅಂಕಿ ತಪ್ಪುತ್ತದೆ, ಅಣ್ಣನ ಗಜನಿ ಗದ್ದೆ ತಮ್ಮನ ಪಹಣಿಗೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಗುಮಾಸ್ತನ ತಲೆನೋವು ಇಳಿದಿರುತ್ತದೆ. ಅಣ್ಣನದು ಆಗ ಶುರುವಾಗಿ, ತಿದ್ದುಪಡಿ ಅರ್ಜಿ ವಿಲೇವಾರಿ ಆಗುವವರೆಗೂ ಇರುತ್ತದೆ. ಒಂದು ದಿನದ ರಜೆ ಉಳಿಸಿದ್ದಕ್ಕೆ ಕಚೇರಿ ತೆತ್ತ ಬೆಲೆ ಯಾವ ಕಡತದಲ್ಲೂ ಸಿಗುವುದಿಲ್ಲ.

ಕೂಲಿ ತೂಕದ ಮೇಲಿದ್ದ ಕಡೆ ಇಂಥ ಮುಚ್ಚುಮರೆ ಇಲ್ಲ. 2024ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಬಳಚು (ಚಿಪ್ಪುಜೀವಿ) ಆರಿಸುವವರ ಗಡಿಯಾರ ಸಮುದ್ರದ ಕೈಯಲ್ಲಿದೆ. ಇಳಿತ ಬಂದಾಗ ಇಳಿಯಬೇಕು, ಭರತ ಬರುವುದರೊಳಗೆ ಮುಗಿಸಬೇಕು. ಅಷ್ಟು ಹೊತ್ತೂ ಬಗ್ಗಿದ ಬೆನ್ನು, ನೆತ್ತಿಗೆ ಬಿಸಿಲು, ನೀರಿನಿಂದ ಕಣ್ಣಿಗೆ ಹೊಡೆಯುವ ಅದೇ ಬಿಸಿಲು. ತಲೆ ಸಿಡಿದ ದಿನ ಬುಟ್ಟಿ ಅರ್ಧವೇ ತುಂಬುತ್ತದೆ, ನಷ್ಟ ಅಂದೇ ಗೊತ್ತಾಗುತ್ತದೆ. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಬೇಸಿಗೆಯೇ ಸುಗ್ಗಿ. ಬಿಳಿಯ ರಾಶಿ ಕಣ್ಣು ಕುಕ್ಕುತ್ತದೆ, ಬುಟ್ಟಿಯ ಭಾರ ಕುತ್ತಿಗೆಗೆ ಇಳಿಯುತ್ತದೆ. ಸುತ್ತ ಉಪ್ಪು ಕೂಡಿಬೀಳುತ್ತಿರುವಾಗ ಮೈಯೊಳಗಿನ ಉಪ್ಪೂ ನೀರೂ ಬೆವರಾಗಿ ಹೋಗುತ್ತವೆ. ಬಿಸಿಲು, ನಿರ್ಜಲತೆ, ಹೊತ್ತು ತಪ್ಪಿದ ಊಟ, ಇವು ಮೂರೂ ತಲೆನೋವು ಕೆರಳಿಸುವುದರಲ್ಲಿ ಹೆಸರಾದವು. ಇಲ್ಲಿ ಮೂರೂ ಒಟ್ಟಿಗೇ ಕೆಲಸಕ್ಕೆ ಬರುತ್ತವೆ.

ರಜೆ ಎಂಬ ಮಾತೇ ಇಲ್ಲದ ಇನ್ನೊಂದು ಉದ್ಯೋಗ ಯಕ್ಷಗಾನ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಹೊನ್ನಾವರ ಸೀಮೆಯಲ್ಲಿ ಈ ವಿಷಯ ವಿವರಿಸಿ ಹೇಳಬೇಕಿಲ್ಲ. ತಲೆಗೆ ಬಿಗಿಯಾಗಿ ಧರಿಸಿದ ವಸ್ತುವಿನ ಒತ್ತಡದಿಂದ ಬರುವ ತಲೆನೋವಿಗೆ ವೈದ್ಯರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಪ್ರತ್ಯೇಕ ಜಾಗವಿದೆ. ಧರಿಸಿದ ಒಂದು ಗಂಟೆಯೊಳಗೆ ಶುರು, ತೆಗೆದ ಒಂದು ಗಂಟೆಯೊಳಗೆ ಶಮನ. ಹೆಲ್ಮೆಟ್ಟನ್ನೂ ಈಜುಗನ್ನಡಕವನ್ನೂ ನೆನೆದ ತಜ್ಞರು ಬಡಗುತಿಟ್ಟಿನ ಮುಂಡಾಸನ್ನು ನೋಡಿದಂತಿಲ್ಲ. ಅದು ಸಡಿಲಾದರೆ ಕುಣಿಯುವಾಗ ಜಾರುತ್ತದೆ, ಬಿಗಿಯಾದರೆ ಬೆಳಗಿನವರೆಗೆ ಹಣೆ ಹಿಂಡುತ್ತದೆ. ಕಲಾವಿದರು ಬಿಗಿಯನ್ನೇ ಆರಿಸಿಕೊಂಡಿದ್ದಾರೆ. ಗದಾಯುದ್ಧದ ಕೌರವ ತೊಡೆ ಮುರಿದುಕೊಂಡು ಬೀಳಬಹುದು. ತಲೆನೋವೆಂದು ಚೌಕಿಗೆ (ಬಣ್ಣದ ಮನೆಗೆ) ಹೋಗುವಂತಿಲ್ಲ.

ನೋವು ನುಂಗಿ ದುಡಿಯುವವರು ಕ್ರಮೇಣ ಮಾತ್ರೆ ನುಂಗಿ ದುಡಿಯುತ್ತಾರೆ. ಕಾಶಿನಾಥುನಿ ನಾಗೇಶ್ವರ ರಾವ್ ಅವರು 1893ರಲ್ಲಿ ಮುಂಬಯಿಯಲ್ಲಿ ಹುಟ್ಟುಹಾಕಿದ ಅಮೃತಾಂಜನದ ಹಳದಿ ಮುಲಾಮು ಹಣೆಯ ಮೇಲೇ ಉಳಿಯುತ್ತದೆ. ಮಾತ್ರೆ ಹಾಗಲ್ಲ. ಬರೀ ನೋವುನಿವಾರಕವನ್ನು ತಿಂಗಳಿಗೆ 15 ದಿನ, ಕೆಫೀನ್ ಮುಂತಾದವು ಬೆರೆತದ್ದನ್ನು 10 ದಿನ, ಹೀಗೆ ಮೂರು ತಿಂಗಳು ದಾಟಿಸಿದರೆ ಮಾತ್ರೆಯೇ ತಲೆನೋವು ತರಲು ತೊಡಗುತ್ತದೆ. ಅದಕ್ಕೆ ಮತ್ತೊಂದು ಮಾತ್ರೆ. ಕೊನೆಗೆ ಅಂಗಡಿಯವನೇ ಮುಖ ನೋಡಿ ಚೀಟಿಯಿಲ್ಲದೆ ಮಾತ್ರೆಯ ಪಟ್ಟಿ ಕೊಡುವ ಹಂತ ಬರುತ್ತದೆ. ಕಚೇರಿಯ ಚಹಾ ಕೂಡ ಪೂರ್ತಿ ನಿರಪರಾಧಿಯಲ್ಲ. ದಿನಕ್ಕೆ ಹಲವು ಸಲ ಕುಡಿಯುವವರಿಗೆ ಕೆಫೀನ್ ತಪ್ಪಿದ 12ರಿಂದ 24 ಗಂಟೆಯೊಳಗೆ ತಲೆ ನೋಯಬಹುದು. ಭಾನುವಾರ ಮನೆಯಲ್ಲಿ ತಲೆ ಹಿಡಿದು ಕೂತವನನ್ನು ಕಂಡು ಹೆಂಡತಿ ತಪ್ಪು ತಿಳಿಯಬೇಕಿಲ್ಲ.

ಮನೆಮದ್ದಿನಲ್ಲಿ ಒಂದೆಲಗದ ತಂಬುಳಿಗೆ ದೊಡ್ಡ ಹೆಸರು. ತಂಬುಳಿ ಉಂಡವರು ಮಲಗುತ್ತಾರೆ, ಕತ್ತಲೆ ಕೋಣೆಯ ನಿದ್ದೆ ಮೈಗ್ರೇನಿಗೆ ಒಳ್ಳೆಯದು. ಕೀರ್ತಿ ಯಾರಿಗೆ ಸಲ್ಲಬೇಕು ಎಂಬುದು ವಿವಾದದಲ್ಲಿದೆ. ನೀರು, ಹೊತ್ತಿಗೆ ಊಟ, ನೋವು ಏರುವ ಮೊದಲೇ ಸರಿಯಾದ ಪ್ರಮಾಣದ ಔಷಧ, ಅರ್ಧ ಗಂಟೆಯ ವಿಶ್ರಾಂತಿ: ಇಷ್ಟರಿಂದ ಹಲವು ನೌಕರರು ಮಧ್ಯಾಹ್ನದೊಳಗೆ ಕೆಲಸಕ್ಕೆ ಒದಗಬಹುದು. ಆದರೆ ಸಿಡಿಲು ಹೊಡೆದಂತೆ ಒಮ್ಮೆಲೇ ಎದ್ದ ನೋವು, ಜ್ವರದ ಜೊತೆ ಕುತ್ತಿಗೆಯ ಬಿಗಿತ, ತೊದಲುವ ಮಾತು, ಸೋಲುವ ಕೈಕಾಲು, ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವು, ಇವುಗಳೊಡನೆ ಕುರ್ಚಿಯಲ್ಲಿ ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಉತ್ತರ ಕನ್ನಡದ ಕರಾವಳಿಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆ ಎಂದು ಹಂಚಿಹೋಗುತ್ತಾರೆ. ಈ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿ ಎದ್ದದ್ದು ಇದೇ ಕಾರಣಕ್ಕೆ.